ಶಿಲುಬೆಗೆ ಗಾಜು ಬೇಕೆ?

ಮನೆ ಕಟ್ಟುವವನಿಗೆ ಸಂಕಟಗಳು ಹಲವುಂಟು. ಆದರೆ ಯಾರ ಮಾತು ನಡೆಯಬೇಕೆಂಬ ಸಂಕಟವು ಸಾಮಾನ್ಯವಾಗಿ ಅವುಗಳಲ್ಲಿ ಸೇರಿರುವುದಿಲ್ಲ. ಹಣ ಕೊಟ್ಟವನು ಯಜಮಾನ. ಅಡಿಗೆಮನೆಯ ಕಿಟಕಿ ಮೂಡಲಿಗಿರಬೇಕೆಂದು ಮನೆಯೊಡತಿ ಹೇಳಿದರೆ ಮೇಸ್ತ್ರಿ ತಲೆಯಾಡಿಸುವನು. ದೇವರ ಹೆಸರಿನಲ್ಲಿ ಕಟ್ಟುವ ಮನೆಯ ಸಂಗತಿ ಹಾಗಲ್ಲ. ಅದರ ಯಜಮಾನನು ದೇವರೆಂದು ಎಲ್ಲರೂ ಒಪ್ಪುವರು. ಆದರೆ ನಕ್ಷೆಯ ಮೇಲೆ ರುಜು ಹಾಕಲು ಆತನು ಬರುವುದಿಲ್ಲ. ಹಣ ಕೂಡಿಸಿದವರು ಕೆಲವರು, ರೂಪವನ್ನು ಕಲ್ಪಿಸಿದವನು ಇನ್ನೊಬ್ಬ, ಒಳಗೆ ಕುಳಿತು ಪ್ರಾರ್ಥಿಸುವವರು ಮತ್ತೆ ಬೇರೆ. ಅದೂ ಬೆಳೆಯುತ್ತಿರುವ ಪಟ್ಟಣದ ಹೊಸ ಬಡಾವಣೆಯಲ್ಲಿ ಕಟ್ಟುವುದಾದರೆ, ಇನ್ನೂ ಬಂದು ನೆಲೆಸದಿರುವ ನೆರೆಯವರೆಂಬ ನಾಲ್ಕನೆಯ ಪಕ್ಷವೊಂದು ಉಂಟು. ಇವರೊಳಗೆ ಭಿನ್ನಾಭಿಪ್ರಾಯ ಬಂದಲ್ಲಿ ಯಾರ ಮಾತು ನಡೆಯತಕ್ಕದ್ದು?

ನಾವು ಕ್ರೈಸ್ತರೂ ಅಲ್ಲ, ವಾಸ್ತುಶಾಸ್ತ್ರವನ್ನು ಓದಿದವರೂ ಅಲ್ಲ. ಆದರೂ ಈ ಪ್ರಶ್ನೆ ಕೆಲವು ತಿಂಗಳುಗಳಿಂದ ನಮ್ಮನ್ನು ಬಿಟ್ಟಿಲ್ಲ. ಅದಕ್ಕೆ ಕಾರಣನಾದವನು ಐದನೆಯ ತರಗತಿಯ ಒಬ್ಬ ಹುಡುಗ.

ಚಿತ್ರಕಲೆಯ ಪಾಠದಲ್ಲಿ ಬೆಳಕು ನೆರಳುಗಳ ವಿಚಾರವನ್ನು ತಿಳಿಸಬೇಕಾಗಿದ್ದಿತು. ಒಂದು ಪುಸ್ತಕದಲ್ಲಿದ್ದ ಚಿತ್ರವನ್ನು ಮಕ್ಕಳಿಗೆ ತೋರಿಸಿದೆವು. ಕತ್ತಲೆಯ ಕೋಣೆ, ಎದುರಿನ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಸೀಳಿದಂತೆ ಎರಡು ಸಂದುಗಳು. ಆ ಸಂದುಗಳಲ್ಲಿ ಹೊರಗಿನ ಬೆಳಕು ತುಂಬಿ ಶಿಲುಬೆಯೊಂದು ನಿಂತಿದೆ. ಶಿಲುಬೆಯನ್ನು ಮಾಡಿದ ವಸ್ತು ಮರವೂ ಅಲ್ಲ, ಲೋಹವೂ ಅಲ್ಲ. ಗೋಡೆಯಲ್ಲಿ ಇಲ್ಲದಿರುವ ಭಾಗವೇ ಶಿಲುಬೆ. ಇದು ಇಗರ್ಜಿಯೆಂದಾಗ ಮಕ್ಕಳು ನಂಬಲಿಲ್ಲ. ಕುಂಬಳೆಗೆ ಸಮೀಪದ ಬೇಳದ ಇಗರ್ಜಿಯನ್ನು ಕಂಡ ಮಕ್ಕಳವು; ಇಗರ್ಜಿಯೆಂದರೆ ಎತ್ತರದ ಗೋಪುರ, ಚೂಪು ಕಮಾನು, ಗಂಟೆ ಎಂದು ಅವರು ತಿಳಿದಿರುವುದು ಸಹಜವೇ. ಆಗ ನಾವು ಈ ಕಟ್ಟಡದ ಕಥೆಯನ್ನು ಹೇಳಿದೆವು. ಅದನ್ನು ಕಟ್ಟಿಸಿದವರಿಗೂ ಕಟ್ಟಿದವರಿಗೂ ನಡೆದ ಗಾಜಿನ ವಿವಾದವನ್ನೂ ಹೇಳಿದೆವು. ಹಿಂದಿನ ಬೆಂಚಿನಿಂದ ಆ ಹುಡುಗ ಎದ್ದು ನಿಂತು ಕೇಳಿದ: “ಗಾಜು ಬೇಡ ಅಂತ ಹೇಳಿದವರು ದಿನಾ ಅಲ್ಲಿ ಕೂತುಕೊಳ್ತಾರಾ ಮಾಷ್ಟ್ರೇ?”

ಆ ಪ್ರಶ್ನೆಗೆ ಉತ್ತರ ಸುಲಭ: ಇಲ್ಲ. ಆದರೆ ಉತ್ತರ ಸುಲಭವಾದ ಮಾತ್ರಕ್ಕೆ ವಿಚಾರ ಸುಲಭವಾಗಿಬಿಡಲಿಲ್ಲ. ವಾಚಕರೂ ತೂಗಿನೋಡಲೆಂದು ಕಥೆಯನ್ನು ಮೊದಲಿನಿಂದ ಹೇಳುವೆವು.

ಜಪಾನಿನ ಒಸಾಕಾ ಮಹಾನಗರಕ್ಕೂ ಕ್ಯೋಟೋ ನಗರಕ್ಕೂ ನಡುವೆ ಇಬರಾಕಿ ಎಂಬ ಪಟ್ಟಣವಿದೆ. ಎರಡನೆಯ ಮಹಾಯುದ್ಧದ ತರುವಾಯ ಒಸಾಕಾದ ಸುತ್ತಲಿನ ಗುಡ್ಡಗಳು ವೇಗವಾಗಿ ಬಡಾವಣೆಗಳಾದವು. ಇಬರಾಕಿಯ ನೆರೆಯ ಸುಯಿತಾದಲ್ಲಿ 1970ರಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆದುದನ್ನು ಹಿರಿಯ ವಾಚಕರು ಬಲ್ಲರು. ಕೆಲಸಕ್ಕಾಗಿ ನಗರಕ್ಕೆ ಹೋಗಿ ಸಂಜೆ ಹಿಂದಿರುಗುವ ಸಂಸಾರಗಳು ಇಂತಹ ಊರುಗಳಲ್ಲಿ ಸಾಲುಸಾಲಾಗಿ ಮನೆ ಮಾಡಿದವು. ಆ ದೇಶದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಆದುದರಿಂದ ಇಬರಾಕಿಯ ಕಸುಗಾವೊಕ ಸಭೆಯೂ ಚಿಕ್ಕದು. ಅದರ ಹಣದ ಚೀಲ ಅದಕ್ಕಿಂತಲೂ ಚಿಕ್ಕದು. ಈ ಪ್ರಾಟೆಸ್ಟಂಟ್ ಸಭೆಯವರು ಹೊಸ ಪ್ರಾರ್ಥನಾಮಂದಿರವನ್ನು ಕಟ್ಟಿಕೊಡಬೇಕೆಂದು ತಡಾವೊ ಆಂಡೊ ಎಂಬ ವಾಸ್ತುಶಿಲ್ಪಿಯನ್ನು ಕೇಳಿಕೊಂಡರು. ಆಂಡೊ 1941ರಲ್ಲಿ ಒಸಾಕಾದಲ್ಲಿ ಹುಟ್ಟಿದವರು; ಯೌವನದಲ್ಲಿ ಮುಷ್ಟಿಯುದ್ಧದ ಆಟಗಾರರು. ಯಾವ ವಿಶ್ವವಿದ್ಯಾಲಯದಲ್ಲಿಯೂ ವಾಸ್ತುಶಾಸ್ತ್ರದ ಪದವಿ ಪಡೆಯದೆ, ಪುಸ್ತಕಗಳಿಂದಲೂ ಪ್ರವಾಸದಿಂದಲೂ ತಾವಾಗಿಯೇ ಕಲಿತವರು. 1995ರಲ್ಲಿ ಆ ವಿದ್ಯೆಗೆ ಸಲ್ಲುವ ಪ್ರಿಟ್ಜ್‌ಕರ್ ಪಾರಿತೋಷಕ ಅವರಿಗೆ ದೊರಕಿತು. (ತರಬೇತಿ ಶಾಲೆಯ ಸರ್ಟಿಫಿಕೇಟನ್ನು ಮಾತ್ರ ಹೊಂದಿರುವ ನಮ್ಮಂತಹವರಿಗೆ ಈ ಸಂಗತಿಯನ್ನು ಬರೆಯುವಾಗ ಸ್ವಲ್ಪ ಸಂತೋಷವಾದರೆ ವಾಚಕರು ಕ್ಷಮಿಸಬೇಕು.)

1989ರಲ್ಲಿ ಪೂರ್ತಿಯಾದ ಆ ಮಂದಿರ ಒಂದು ಪೆಟ್ಟಿಗೆಯಂತಿದೆ. ಸುಮಾರು ಆರು ಮೀಟರು ಅಗಲ, ಹದಿನೆಂಟು ಮೀಟರು ಉದ್ದ, ಆರು ಮೀಟರು ಎತ್ತರ. ಅಂದರೆ ಮೂರು ಘನಾಕೃತಿಗಳನ್ನು ಒಂದರ ಹಿಂದೊಂದು ಇಟ್ಟಂತೆ. ಗಣಿತದ ಪಾಠಕ್ಕೂ ಒದಗುವ ಕಟ್ಟಡವಿದು. ಗೋಡೆಗಳೆಲ್ಲ ಕಾಂಕ್ರೀಟು, ಮೇಲೆ ಗಾರೆಯಿಲ್ಲ, ಸುಣ್ಣವಿಲ್ಲ, ಬಣ್ಣವಿಲ್ಲ. ಈ ಪೆಟ್ಟಿಗೆಯನ್ನು ಹದಿನೈದು ಡಿಗ್ರಿ ಓರೆಯಾಗಿ ಇನ್ನೊಂದು ಗೋಡೆ ಸೀಳಿಕೊಂಡು ಹೋಗುತ್ತದೆ; ಬೀದಿಯಿಂದ ಬಂದವನು ಆ ಗೋಡೆಯನ್ನು ಬಳಸಿಯೇ ಒಳಹೋಗಬೇಕು. ಒಳಗೆ ನೆಲವು ಬಾಗಿಲ ಕಡೆ ಎತ್ತರ, ಬಲಿಪೀಠದ ಕಡೆ ತಗ್ಗು. ನಮ್ಮ ದೇವಸ್ಥಾನಗಳಲ್ಲಿಯೂ ಸಾಮಾನ್ಯ ಇಗರ್ಜಿಗಳಲ್ಲಿಯೂ ಪೀಠವು ಎತ್ತರ, ಭಕ್ತನು ಕೆಳಗೆ; ಇಲ್ಲಿ ಬೋಧಕನು ತಗ್ಗಿನಲ್ಲಿ ನಿಂತು ಮೇಲೆ ಕುಳಿತ ಜನರನ್ನು ನೋಡುವನು.

ಹಣದ ಅಭಾವ ಎಷ್ಟಿದ್ದಿತೆಂದರೆ, ಮಾಡನ್ನು ಹೊದಿಸದೆಯೇ ಬಿಡಬೇಕಾದೀತೋ ಎಂದು ಯೋಚಿಸಿದ್ದೂ ಉಂಟಂತೆ! ಕಟ್ಟುವ ಗುತ್ತಿಗೆದಾರರು ತಮ್ಮ ಲಾಭವನ್ನು ನೋಡದೆ ದುಡಿದುದರಿಂದ ಮಾಡು ಬಂದಿತು. ಸಾರುವೆಗೆ ಬಳಸುವಂತಹ ಒರಟು ಹಲಗೆಗಳೇ ನೆಲಕ್ಕೂ ಕೂರುವ ಬೆಂಚುಗಳಿಗೂ ಒದಗಿದವು. ಹೀಗೆ ಬಡತನವು ಆ ಕಟ್ಟಡದ ಮೂಲೆಮೂಲೆಯಲ್ಲಿಯೂ ಕಾಣುವುದು. ಆದರೆ ದೈನ್ಯವು ಎಲ್ಲಿಯೂ ಕಾಣದು. ಇರುವ ಕೆಲವೇ ವಸ್ತುಗಳಿಂದ ಕತ್ತಲೆಯನ್ನು ಕಟ್ಟಿ, ಆ ಕತ್ತಲೆಯನ್ನು ಒಂದು ಕಡೆ ಮಾತ್ರ ತೆರೆದುಬಿಟ್ಟುದು ದೊಡ್ಡ ಮನಸ್ಸಿನ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ವಿವಾದ ಹುಟ್ಟಿದುದು ಆ ತೆರೆದ ಕಡೆಯಲ್ಲಿಯೇ. ಶಿಲುಬೆಯ ಸಂದಿಗೆ ಗಾಜು ಕೂಡದೆಂದು ಆಂಡೊ ಬಯಸಿದರು. ಬೆಳಕಿನೊಡನೆ ಗಾಳಿಯೂ ಒಳಗೆ ಬರಲಿ, ಹೊರಗಿನ ಋತುಗಳು ಒಳಗಿನವರನ್ನು ಮುಟ್ಟಲಿ ಎಂಬುದು ಅವರ ಆಶಯ. ಸಭೆಯವರು ಒಪ್ಪಲಿಲ್ಲ. ಒಸಾಕಾ ಪ್ರಾಂತದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಮೂರು ಡಿಗ್ರಿಯ ಆಸುಪಾಸಿಗೆ ಇಳಿಯುವುದು. ಬೆಳಗಿನ ಆರಾಧನೆಗೆ ಬರುವವರಲ್ಲಿ ವೃದ್ಧರೂ ಶಿಶುಗಳೂ ಇರುವರು. ಕೊನೆಗೆ ಗಾಜನ್ನು ಹಾಕಲಾಯಿತು. ಅದನ್ನು ಎಂದಾದರೂ ತೆಗೆಯಬೇಕೆಂಬ ಆಸೆ ತಮ್ಮನ್ನು ಬಿಟ್ಟಿಲ್ಲವೆಂದು ಆಂಡೊ ಹಲವು ವರ್ಷಗಳ ಅನಂತರವೂ ಹೇಳಿಕೊಂಡಿರುವರು. 2017ರಲ್ಲಿ ತೋಕಿಯೊ ನಗರದ ರಾಷ್ಟ್ರೀಯ ಕಲಾಕೇಂದ್ರದಲ್ಲಿ ಅವರ ಕೃತಿಗಳ ಪ್ರದರ್ಶನ ನಡೆದಾಗ ಈ ಮಂದಿರದ್ದೇ ಪೂರ್ಣಗಾತ್ರದ ಪ್ರತಿಕೃತಿಯನ್ನು ನಿಲ್ಲಿಸಿದರು. ಅದರ ಶಿಲುಬೆಗೆ ಗಾಜಿರಲಿಲ್ಲ.

ಮೊದಲು ವಾಸ್ತುಶಿಲ್ಪಿಯ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಪ್ರಾರ್ಥನೆಯು ಸುಖದ ವ್ಯವಹಾರವಲ್ಲ. ಮಾಘಮಾಸದ ಚಳಿಯಲ್ಲಿ ನದಿಗಿಳಿದು ಮುಳುಗುವವನು ಬಿಸಿನೀರನ್ನು ಕೇಳುವುದಿಲ್ಲ. ಬೆಟ್ಟದ ಮೇಲಿನ ದೇವರನ್ನು ಕಾಣಲು ಬರಿಗಾಲಿನಲ್ಲಿ ಹತ್ತುವವನಿಗೆ ಆ ಹತ್ತುವಿಕೆಯೇ ಪೂಜೆಯ ಅರ್ಧ. ಮೆತ್ತನೆಯ ಆಸನ, ಹದವಾದ ಗಾಳಿ, ಮುಚ್ಚಿದ ಕಿಟಕಿ ಇವೆಲ್ಲ ನಗರದ ಕಚೇರಿಗಳಲ್ಲಿ ವಾರದ ಉಳಿದ ದಿನಗಳಲ್ಲಿ ದೊರೆಯುವುದಷ್ಟೆ. ಏಳನೆಯ ದಿನವೂ ಅದನ್ನೇ ಕೊಡುವುದಾದರೆ ಮಂದಿರವನ್ನು ಬೇರೆಯಾಗಿ ಕಟ್ಟುವುದೇಕೆ? ಹೊಸ ಬಡಾವಣೆಗಳಲ್ಲಿ ಮನುಷ್ಯನು ಮಳೆಗಾಳಿಗಳನ್ನು ಮರೆತು ಬದುಕುವನು. ಅವನಿಗೆ ಅವುಗಳನ್ನು ನೆನಪಿಸುವುದು ದೇವರ ಮನೆಗೆ ತಕ್ಕ ಕೆಲಸವೇ ಆಗಿದೆ. ಇಷ್ಟಲ್ಲದೆ, ಗಾಜಿನಿಂದ ಬಂದ ಬೆಳಕೂ ಬರಿಯ ಸಂದಿನಿಂದ ಬಂದ ಬೆಳಕೂ ಒಂದೇ ಅಲ್ಲ. ಗಾಜಿನಲ್ಲಿ ಪ್ರತಿಬಿಂಬವಿದೆ, ಧೂಳು ಕೂರುವುದಿದೆ, ಚೌಕಟ್ಟಿದೆ. ಕಾಣುವ ಕಣ್ಣುಳ್ಳವನಿಗೆ ಅದು ನೋವೇ ಸರಿ.

ಈ ವಾದವು ಹಗುರವಾದುದಲ್ಲ. ಒಂದು ವಾರದವರೆಗೆ ನಾವೂ ಅದರ ಪಕ್ಷದಲ್ಲಿದ್ದೆವು.

ಆದರೆ ಹುಡುಗನ ಪ್ರಶ್ನೆ ಬಿಡಬೇಕಲ್ಲ! ಮಾಘಸ್ನಾನಕ್ಕೆ ಇಳಿಯುವವನು ತಾನಾಗಿ ಇಳಿಯುವನು. ಅವನು ಇಳಿಯದಿದ್ದರೂ ದೇವಸ್ಥಾನದ ಬಾಗಿಲು ಅವನಿಗೆ ಮುಚ್ಚಿರುವುದಿಲ್ಲ. ಏಕಾದಶಿಯ ಉಪವಾಸವನ್ನು ಅಜ್ಜಿಯು ಕೈಕೊಂಡರೆ ಅದು ವ್ರತ; ಆ ದಿನ ಒಲೆ ಹಚ್ಚದೆ ಮೊಮ್ಮಗನನ್ನೂ ಹಸಿದಿರಿಸಿದರೆ ಅದನ್ನು ವ್ರತವೆನ್ನುವವರಾರು? ನಮ್ಮ ಮನೆಗಳ ಅಜ್ಜಿಯಂದಿರು ಈ ಭೇದವನ್ನು ಚೆನ್ನಾಗಿ ಬಲ್ಲವರು. ತಾವು ನೀರನ್ನೂ ಮುಟ್ಟದೆ ಮಕ್ಕಳಿಗೆ ಅವಲಕ್ಕಿ ಕಲಸಿ ಕೊಡುವರು. ಗಾಜಿಲ್ಲದ ಗೋಡೆಯಾದರೋ ಎಲ್ಲರಿಗೂ ಒಂದೇ ಚಳಿಯನ್ನು ಹಂಚುವುದು. ಅದು ವ್ರತ ಹಿಡಿದವನನ್ನೂ ಹಿಡಿಯದವನನ್ನೂ ವಿಂಗಡಿಸದು. ಕಾಂಕ್ರೀಟಿಗೆ ಅಜ್ಜಿಯ ವಿವೇಕವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಭೆಯವರೆಲ್ಲ ಕೂಡಿ, “ನಾವು ಚಳಿಯಲ್ಲಿಯೇ ಕೂರುವೆವು, ಗಾಜು ಬೇಡ” ಎಂದು ಒಮ್ಮತದಿಂದ ನಿರ್ಧರಿಸಿದ್ದರೆ? ಆಗ ಬಲವಂತವೆಲ್ಲಿ? ಈ ಆಕ್ಷೇಪಕ್ಕೆ ನಾವು ಬಹಳ ದಿನ ಉತ್ತರ ಕಾಣಲಿಲ್ಲ. ಕಂಡುದು, ಅದು ಬೆಳೆಯುತ್ತಿರುವ ಊರೆಂಬುದನ್ನು ನೆನೆದಾಗ. ಇಂದು ಸಭೆಯಲ್ಲಿ ಕೈಯೆತ್ತಿದವರು ಇಂದಿನವರು. ಮುಂದಿನ ವರ್ಷ ಬಡಾವಣೆಗೆ ಯಾವುದೋ ಊರಿನಿಂದ ಒಬ್ಬ ವಿಧವೆ ಬಂದು ನೆಲೆಸುವಳು. ಈ ಊರಿನಲ್ಲಿ ಆಕೆಗೆ ಪರಿಚಯದವರಿಲ್ಲ. ಒಂದು ಭಾನುವಾರ ಬೆಳಿಗ್ಗೆ ಧೈರ್ಯ ತಂದುಕೊಂಡು ಓರೆ ಗೋಡೆಯನ್ನು ಬಳಸಿ ಒಳಗೆ ಬರುವಳು. ಆಕೆ ಯಾವ ನಿರ್ಣಯಕ್ಕೂ ಕೈಯೆತ್ತಿದವಳಲ್ಲ. ಒಳಗಿನವರಿಗೆ ಚಳಿಯು ಸಾಧನೆ. ಆಕೆಗೆ ಅದು ಬರಿಯ ಚಳಿ. ಎರಡನೆಯ ವಾರ ಬಾರದಿದ್ದರೆ ಆಕೆಯ ಭಕ್ತಿ ಕಡಿಮೆಯೆನ್ನಲು ನಮಗೆ ಬಾಯಿ ಬಾರದು. ಹಳೆಯ ಹಳ್ಳಿಯಲ್ಲಿ, ಹುಟ್ಟಿದವರೇ ಸಾಯುವ ಊರಿನಲ್ಲಿ, ಕಠಿಣವಾದ ಆಚಾರವೊಂದು ಎಲ್ಲರ ಮೈಗೂ ಹೊಂದಿಕೊಂಡೀತು. ದಿನಬೆಳಗಾದರೆ ಹೊಸಬರು ಬರುವಲ್ಲಿ, ಒಳಗಿನವರ ವ್ರತವೇ ಹೊರಗಿನವರಿಗೆ ಮುಚ್ಚಿದ ಬಾಗಿಲಾಗುವುದು.

ಹಾಗಾದರೆ ಕುಳಿತುಕೊಳ್ಳುವವರ ಮಾತೇ ಕೊನೆಯ ಮಾತೆ? ಅದನ್ನೂ ನಾವು ಒಪ್ಪಲಾರೆವು. ಒಪ್ಪಿದ್ದರೆ ಲೋಕದಲ್ಲಿ ಹೊಸ ರೂಪವೊಂದೂ ಹುಟ್ಟುತ್ತಿರಲಿಲ್ಲ.

ಪ್ಯಾರಿಸಿನ ಪೂರ್ವಕ್ಕೆ ಲ ರೇನ್ಸಿ ಎಂಬ ಉಪನಗರವಿದೆ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿನ ಕೆಥೋಲಿಕರಿಗೆ ಹಳೆಯ ಇಗರ್ಜಿ ಸಾಲದಾಗಿದ್ದಿತು. ಯುದ್ಧದಲ್ಲಿ ಮಡಿದವರಿಗೆ ಸ್ಮಾರಕವೂ ಬೇಕಾಗಿದ್ದಿತು. ಕಲ್ಲಿನಲ್ಲಿ ಕಟ್ಟಲು ಹಣವೆಲ್ಲಿಯದು? ಓಗುಸ್ತ್ ಪೆರೆ ಎಂಬವರು, ಗೋದಾಮುಗಳಿಗೂ ಕಾರ್ಖಾನೆಗಳಿಗೂ ಬಳಸುತ್ತಿದ್ದ ಕಬ್ಬಿಣದ ಸರಳಿನ ಕಾಂಕ್ರೀಟಿನಿಂದಲೇ ದೇವರ ಮನೆಯನ್ನು ಕಟ್ಟಿಕೊಡಲು ಮುಂದಾದರು. 1922ರಲ್ಲಿ ಕೆಲಸ ಮೊದಲಾಯಿತು. 1923ರ ಜೂನಿನಲ್ಲಿ ಪ್ರತಿಷ್ಠೆ ನಡೆಯಿತು. ಹನ್ನೊಂದು ಮೀಟರಿನಷ್ಟು ಎತ್ತರದ ಬಡಕಲು ಕಂಬಗಳು ಮಾಡನ್ನು ಹೊತ್ತಿವೆ. ಗೋಡೆಗಳು ಭಾರ ಹೊರಬೇಕಾಗಿಲ್ಲವಾದುದರಿಂದ, ಅಚ್ಚಿನಲ್ಲಿ ಎರೆದ ಕಾಂಕ್ರೀಟಿನ ಜಾಲಂದ್ರಗಳನ್ನು ಜೋಡಿಸಿ ಅವುಗಳ ತುಂಬ ಬಣ್ಣದ ಗಾಜನ್ನು ಕೂರಿಸಿದರು. ಒಳಗೆ ನಿಂತವನಿಗೆ ಬಣ್ಣದ ಬೆಳಕೇ ಗೋಡೆಯಾಗಿ ಕಾಣುವುದು. ಕಂಬಗಳ ಮೇಲೆ ಹಲಗೆಯ ಅಚ್ಚಿನ ಗುರುತುಗಳು ಹಾಗೆಯೇ ಉಳಿದಿವೆ.

ಆ ಊರಿನ ಜನರನ್ನು ಮೊದಲೇ ಒಬ್ಬೊಬ್ಬರನ್ನಾಗಿ ಕೇಳಿದ್ದರೆ ಬಹುಮಂದಿ ಏನೆನ್ನುತ್ತಿದ್ದರು? ಅಜ್ಜಂದಿರ ಕಾಲದಂತೆ ಕಲ್ಲಿನ ಇಗರ್ಜಿಯೇ ಬೇಕು, ಗೋದಾಮಿನ ವಸ್ತು ದೇವರಿಗೆ ಸಲ್ಲದು ಎನ್ನುತ್ತಿದ್ದರೆಂದು ಊಹಿಸಲು ಪಾಂಡಿತ್ಯ ಬೇಡ. ಹಂಚಿನ ಮಾಡಿನ ಭಜನಾಮಂದಿರಕ್ಕೆ ಕಾಂಕ್ರೀಟು ಹೊದಿಸುವ ಮಾತೆದ್ದಾಗ ನಮ್ಮ ಊರುಗಳಲ್ಲಿಯೂ ಎಷ್ಟು ಸಭೆಗಳು ನಡೆಯುತ್ತವೆಂಬುದನ್ನು ಕಂಡವರೇ ಬಲ್ಲರು. ಇಂತಹ ಸಂದರ್ಭದಲ್ಲಿ ಕಟ್ಟುವವನು ಜನರ ಮಾತಿಗೆ ಮಣಿಯದೆ, ತಾನು ಕಂಡುದನ್ನು ಅವರಿಗೆ ಕಾಣಿಸಿಕೊಟ್ಟರೆ ಅದು ದರ್ಪವಲ್ಲ, ಸೇವೆ. ಇಬರಾಕಿಯಲ್ಲಿ ಪೀಠವನ್ನು ತಗ್ಗಿಗೆ ಇಳಿಸಿದುದನ್ನೂ ಬಣ್ಣವಿಲ್ಲದ ಗೋಡೆಯನ್ನೂ ಸಾರುವೆಯ ಹಲಗೆಯನ್ನೂ ಸಭೆಯವರು ಸ್ವೀಕರಿಸಿದರು. ಗಾಜೊಂದರ ವಿಷಯದಲ್ಲಿ ಹಟ ಹಿಡಿದರು. ಅವರಿಗೆ ರುಚಿಯಿರಲಿಲ್ಲವೆನ್ನುವಂತಿಲ್ಲ. ಕಣ್ಣಿನ ಅಭ್ಯಾಸಕ್ಕೆ ವಿರೋಧವಾದುದನ್ನೆಲ್ಲ ಅವರು ಕಲಿತುಕೊಂಡರು. ಮೈಗೆ ನೋವಾಗುವುದನ್ನು ಮಾತ್ರ ಬೇಡವೆಂದರು. ಅಭ್ಯಾಸವನ್ನು ತಿದ್ದುವ ಅಧಿಕಾರ ಕಾಣುವವನಿಗೆ ಉಂಟೆಂದು ನಾವು ಬಗೆಯುತ್ತೇವೆ. ಪರರ ಮೈಯ ನೋವನ್ನು ತಾನು ಅಳೆಯುವ ಅಧಿಕಾರ ಯಾರಿಗೂ ಇಲ್ಲ.

ಈ ಗೆರೆಯೂ ಎಲ್ಲ ಕಡೆಯೂ ನೇರವಾಗಿಲ್ಲವೆಂಬುದನ್ನು ಒಪ್ಪಬೇಕು. ತಗ್ಗಿಗೆ ಇಳಿಯುವ ನೆಲವು ಕಣ್ಣಿಗೆ ಹೊಸತು, ಅರ್ಥದಲ್ಲಿ ಸುಂದರ. ಆದರೆ ಮಂಡಿ ನೋಯುವ ಮುದುಕನಿಗೆ ಇಳಿಯುವುದೂ ಹತ್ತುವುದೂ ಮೈಯ ಮಾತೇ ಅಲ್ಲವೆ? ಲ ರೇನ್ಸಿಯಲ್ಲಿಯೂ ಹಾಗೆಯೇ. ಬರಿಯ ಕಾಂಕ್ರೀಟು ಕಣ್ಣಿಗೆ ಮಾತ್ರ ಸಂಬಂಧಿಸಿದುದೆಂದು ಆಗ ತೋರಿತು. ಆದರೆ ಕಬ್ಬಿಣದ ಸರಳುಗಳ ಮೇಲಿನ ಕಾಂಕ್ರೀಟಿನ ಹೊದಿಕೆ ತೀರ ತೆಳುವಾಗಿದ್ದುದರಿಂದ ಮಳೆಯ ನೀರು ಒಳಸೇರಿ ಕಬ್ಬಿಣ ತುಕ್ಕುಹಿಡಿಯಿತು. ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಡೆಯಿತು. ಕಟ್ಟಡವನ್ನು 1966ರಲ್ಲಿ ಐತಿಹಾಸಿಕ ಸ್ಮಾರಕವೆಂದು ಪರಿಗಣಿಸಿದರು. ಮುಂದೆ 1980ರ ದಶಕದ ಕೊನೆಯಿಂದ ಹಲವು ವರ್ಷ ದೊಡ್ಡ ದುರಸ್ತಿ ನಡೆಯಬೇಕಾಯಿತು. ಅಜ್ಜನು ಉಳಿಸಿದ ಹಣವನ್ನು ಮೊಮ್ಮಗನ ಕಾಲದವರು ತೆತ್ತರು. ಪೆರೆಯವರನ್ನು ನಾವು ದೂರುವುದಿಲ್ಲ. ಆ ಕಾಲಕ್ಕೆ ಆ ವಸ್ತುವಿನ ಮುಪ್ಪನ್ನು ಕಂಡವರಿರಲಿಲ್ಲ. ಬಾರದಿರುವ ನೆರೆಯವರ ಲೆಕ್ಕದಲ್ಲಿ ಹುಟ್ಟದಿರುವವರನ್ನೂ ಸೇರಿಸಬೇಕಾಗುವುದೆಂದು ಮಾತ್ರ ಇದರಿಂದ ತಿಳಿಯುವುದು.

ಗಾಜನ್ನೇ ಒಂದು ಸಿದ್ಧಾಂತವನ್ನಾಗಿ ಮಾಡಿಕೊಳ್ಳುವುದೂ ಸಲ್ಲದು. ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರದ ಶ್ರೀಕಾರ್ಯಂ ಎಂಬಲ್ಲಿ ಲಾರಿ ಬೇಕರ್ ಅವರು 1970ರ ದಶಕದ ಆರಂಭದಲ್ಲಿ ಕಟ್ಟಿದ ಲೊಯೊಲಾ ಪ್ರಾರ್ಥನಾಮಂದಿರವಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮ ದೇಶದವರೇ ಆದ ಬೇಕರ್, ಇಟ್ಟಿಗೆಗಳ ನಡುವೆ ಕಂಡಿಗಳನ್ನು ಬಿಟ್ಟು ಜಾಲಂದ್ರದ ಗೋಡೆಯನ್ನೆಬ್ಬಿಸಿದರು. ಅಲ್ಲಿ ಗಾಜಿಲ್ಲದ ಕಂಡಿಗಳಲ್ಲಿ ಬೆಳಕೂ ಗಾಳಿಯೂ ಒಟ್ಟಿಗೆ ಬರುವುವು, ಯಾರಿಗೂ ದೂರಿಲ್ಲ. ಆಂಡೊ ಬಯಸಿದುದೇ ಇಲ್ಲಿ ಬೇರೊಂದು ರೂಪದಲ್ಲಿ ನಡೆದಿದೆ. ಒಸಾಕಾದಲ್ಲಿ ನೋವಾಗುವುದು ಕೇರಳದ ಸೆಕೆಯಲ್ಲಿ ಉಪಕಾರ. ಆದರೆ ಅದೇ ಕಂಡಿಯನ್ನು ನಮ್ಮ ಕಾಸರಗೋಡಿನಲ್ಲಿ ಪಡುವಣ ದಿಕ್ಕಿಗೆ ಸೂರಿಲ್ಲದೆ ಇಟ್ಟು ನೋಡಲಿ! ಆಟಿಯ ಮಳೆ ಅಡ್ಡಲಾಗಿ ಹೊಡೆದು ಪ್ರಾರ್ಥನಾಗ್ರಂಥವೂ ತೊಯ್ದೀತು, ಬೋಧಕರೂ ತೊಯ್ದಾರು.

ಇನ್ನು ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇಬರಾಕಿಯಲ್ಲಿ ಗಾಜು ಹಾಕಿದುದರಿಂದ ಏನೋ ಒಂದು ನಷ್ಟವಾಗಿದೆ. ಸಭೆಯವರು ಸರಿಯಾಗಿದ್ದರೆಂದ ಮಾತ್ರಕ್ಕೆ ಆಂಡೊ ಕಂಡುದು ಸುಳ್ಳಾಗಲಿಲ್ಲ. ತೋಕಿಯೊದ ಪ್ರತಿಕೃತಿಯನ್ನು ಹೊಕ್ಕವರಿಗೆ ಆ ಬರಿಯ ಬೆಳಕು ದೊರಕಿತು. ಆದರೆ ಪ್ರದರ್ಶನಕ್ಕೆ ಬಂದವರು ಸ್ವಲ್ಪ ಹೊತ್ತು ನಿಂತು, ನೋಡಿ, ಹೊರಟುಹೋಗುವವರು. ಅಲ್ಲಿ ಮಗುವಿನ ನಾಮಕರಣವಿಲ್ಲ, ಶವಪೆಟ್ಟಿಗೆಯ ಮುಂದೆ ಕೂರುವುದಿಲ್ಲ, ಮುಂದಿನ ಭಾನುವಾರವಿಲ್ಲ. ಪ್ರತಿಕೃತಿಗೆ ಗಾಜು ಬೇಡವಾದುದು ಅದರಲ್ಲಿ ಯಾರೂ ಬಾಳಬೇಕಾಗಿಲ್ಲದುದರಿಂದ. ಎರಡೂ ಇರಲಿ ಎಂದು ನಮಗೆ ತೋರುತ್ತದೆ: ಒಂದು ನೋಡುವುದಕ್ಕೆ, ಒಂದು ಕೂರುವುದಕ್ಕೆ. ಗಾಜು ಬೇಕೇಬೇಕೆಂದ ಆ ಸಭೆಯೇ ಮತ್ತೆ ಅದೇ ವಾಸ್ತುಶಿಲ್ಪಿಯಿಂದ, ಪಕ್ಕದಲ್ಲಿ ಮಕ್ಕಳ ಭಾನುವಾರದ ಶಾಲೆಯನ್ನು ಕಟ್ಟಿಸಿಕೊಂಡಿತು. ಅದು 1999ರಲ್ಲಿ ಪೂರ್ತಿಯಾಯಿತು. ಹತ್ತು ವರ್ಷ ಗಾಜಿನ ಹಿಂದೆ ಕುಳಿತವರಿಗೆ, ಗಾಜು ಬೇಡವೆಂದವರ ಮೇಲೆ ಮುನಿಸಿರಲಿಲ್ಲ.

ಇಷ್ಟನ್ನೆಲ್ಲ ಯೋಚಿಸಿ ಹುಡುಗನಿಗೆ ಹೇಳಲು ಸಿದ್ಧರಾಗಿ ಹೋದ ದಿನ, ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದಿತು. ಮಾರ್ಚಿ ತಿಂಗಳು, ಹತ್ತು ಗಂಟೆಗೇ ಬಿಸಿಲು ಸುಡುತ್ತಿದ್ದಿತು. ಮಕ್ಕಳು ಎಂದಿನಂತೆ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ನಾವು ಎಂದಿನಂತೆ ಜಗಲಿಯ ನೆರಳಿನಲ್ಲಿ ನಿಂತು, ಅಲುಗಾಡಿದವರನ್ನು ಕಣ್ಣಿನಿಂದಲೇ ಗದರಿಸುತ್ತಿದ್ದೆವು. ಬಿಸಿಲಿನಲ್ಲಿ ಕದಲದೆ ನಿಲ್ಲುವುದು ಶಿಸ್ತಿಗೆ ಒಳ್ಳೆಯದೆಂದು ತರಬೇತಿಯ ಕಾಲದಿಂದ ನಂಬಿದವರು ನಾವು. ಆ ಹುಡುಗ ಮೂರನೆಯ ಸಾಲಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ನಮ್ಮ ಕಡೆಗೇ ನೋಡುತ್ತಿದ್ದ. ಅವನು ಏನನ್ನೂ ಕೇಳಲಿಲ್ಲ.

ಮರುದಿನದಿಂದ ನಾವು ಅಂಗಳಕ್ಕಿಳಿದು ಮಕ್ಕಳೊಡನೆ ನಿಲ್ಲತೊಡಗಿದೆವು. ಎರಡು ವಾರಗಳಲ್ಲಿ ಸಹೋದ್ಯೋಗಿಗಳೂ ಒಬ್ಬೊಬ್ಬರಾಗಿ ಇಳಿದರು. ಈಗ ನಮ್ಮ ಪ್ರಾರ್ಥನೆ ಹತ್ತು ನಿಮಿಷದಿಂದ ನಾಲ್ಕು ನಿಮಿಷಕ್ಕೆ ಬಂದಿದೆ. ಅದು ಯಾರ ಸೂಚನೆಯೆಂದು ಯಾರೂ ವಿಚಾರಿಸಿಲ್ಲ.